ಪಾಲಿಪ್ ಮತ್ತೆ ಬಂದಿದೆ: ಇನ್ನೊಂದು ಆಪರೇಷನ್ನೋ, ಇಂಜೆಕ್ಷನ್ನೋ?

ಪ್ರಶ್ನೆ: ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಯಜಮಾನರಿಗೆ 46 ವರ್ಷ, ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ಅವರ ಎರಡೂ ಮೂಗು ಯಾವಾಗಲೂ ಕಟ್ಟಿರುತ್ತದೆ. ನಾಲ್ಕು ವರ್ಷದ ಹಿಂದೆ ಮಂಗಳೂರಿನಲ್ಲಿ ಪಾಲಿಪ್ ಆಪರೇಷನ್ ಆಯಿತು. ಒಂದೂವರೆ ವರ್ಷ ಆರಾಮಾಗಿದ್ದರು. ಈಗ ಮತ್ತೆ ಮೊದಲಿನ ಹಾಗೆಯೇ ಆಗಿದೆ. ಅಸ್ತಮಾ ಇದೆ, ಇನ್‌ಹೇಲರ್ ಎಳೆಯುತ್ತಾರೆ. ವಾಸನೆ ಏನೂ ಗೊತ್ತಾಗುವುದಿಲ್ಲ, ಎದುರಿನಲ್ಲೇ ಹಾಲು ಸೀದರೂ ತಿಳಿಯುವುದಿಲ್ಲ. ವರ್ಷಕ್ಕೆ ಮೂರು ನಾಲ್ಕು ಸಲ ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳಬೇಕಾಗುತ್ತದೆ. ರಕ್ತದಲ್ಲಿ ಇಸಿನೊಫಿಲ್ 620, ಐಜಿಇ 340 ಬಂದಿದೆ. ಒಬ್ಬರು ಡಾಕ್ಟರು ಇನ್ನೊಂದು ಆಪರೇಷನ್ ಮಾಡೋಣ ಎಂದರು. ಇನ್ನೊಬ್ಬರು ಬಯಾಲಾಜಿಕ್ ಇಂಜೆಕ್ಷನ್ ಕೊಡೋಣ ಎಂದರು. ದುಬೈಯಲ್ಲಿರುವ ಮೈದುನ ಇಂಜೆಕ್ಷನ್ನೇ ಒಳ್ಳೆಯದು ಅನ್ನುತ್ತಾನೆ. ಯಾವುದು ಸರಿ? ಶುರು ಮಾಡಿದರೆ ಜೀವನಪೂರ್ತಿ ಬೇಕಾ? ಹಾಂ, ಕಳೆದ ವರ್ಷ ಹಲ್ಲುನೋವಿಗೆ ಒಂದು ಮಾತ್ರೆ ನುಂಗಿ ಅರ್ಧ ಗಂಟೆಯಲ್ಲಿ ಉಸಿರು ಕಟ್ಟಿತ್ತು, ಆಸ್ಪತ್ರೆಗೆ ಓಡಬೇಕಾಯಿತು. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಉತ್ತರ: ಸಂಬಂಧ ಇದೆ. ಅದರಿಂದಲೇ ಶುರು ಮಾಡುತ್ತೇನೆ. ಕೊನೆಯಲ್ಲಿ ಹಾಂ ಅಂತ ಸೇರಿಸಿದ ಆ ಎರಡು ಸಾಲೇ ನಿಮ್ಮ ಪತ್ರದಲ್ಲಿ ನನಗೆ ಸಿಕ್ಕಿದ ದೊಡ್ಡ ಸುಳಿವು.

ಮೂಗಿನಲ್ಲಿ ಪಾಲಿಪ್, ಜೊತೆಗೆ ಅಸ್ತಮಾ, ನೋವಿನ ಮಾತ್ರೆ ನುಂಗಿದರೆ ಉಸಿರು ಕಟ್ಟುವುದು. ಈ ಮೂರೂ ಒಬ್ಬರಲ್ಲೇ ಸೇರಿ ಬರುವ ಒಂದು ಕಾಯಿಲೆ ಇದೆ. ಫ್ರಾನ್ಸಿನ ವೈದ್ಯರು 1922ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್ ಇವೆಲ್ಲ ಒಂದೇ ಜಾತಿಯ ಮಾತ್ರೆಗಳು. ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ಕಾಂಬಿಫ್ಲಾಮ್‌ನಲ್ಲೂ ಐಬುಪ್ರೊಫೆನ್ ಇದೆ. ಅವರು ನುಂಗಿದ್ದು ಯಾವ ಮಾತ್ರೆ ಎಂದು ಹಲ್ಲಿನ ಡಾಕ್ಟರ ಚೀಟಿ ಹುಡುಕಿ ನೋಡಿ. ಈ ಜಾತಿಯದ್ದೇ ಆಗಿದ್ದರೆ ಅದರ ಹೆಸರನ್ನು ಪರ್ಸಿನಲ್ಲಿ ಬರೆದಿಡಲಿ, ಪ್ರತಿ ಡಾಕ್ಟರಿಗೂ ಹೇಳಲಿ. ಜ್ವರಕ್ಕೆ, ನೋವಿಗೆ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇಂಥವರಲ್ಲಿ ಹೆಚ್ಚಿನವರಿಗೆ ತೊಂದರೆ ಕೊಡುವುದಿಲ್ಲ. ಮನೆಯಲ್ಲೇ ಪರೀಕ್ಷೆ ಮಾಡಿ ನೋಡಲು ಮಾತ್ರ ಹೋಗಬೇಡಿ.

ಇದನ್ನು ಇಷ್ಟು ಹೇಳುವುದಕ್ಕೆ ಕಾರಣ ಇದೆ. ಈ ಗುಂಪಿನವರ ಪಾಲಿಪ್ ಬೇರೆಯವರಿಗಿಂತ ಬೇಗ ಮರಳಿ ಬರುತ್ತದೆ. ಹಾಗಾಗಿ ಒಂದೂವರೆ ವರ್ಷಕ್ಕೇ ಮತ್ತೆ ಬಂದದ್ದಕ್ಕೆ ಸರ್ಜನ್ನನ್ನು ಬಯ್ಯುವ ಮೊದಲು ಸ್ವಲ್ಪ ತಡೆಯಿರಿ.

ಪಾಲಿಪ್ ಅಂದರೆ ಏನು ಎಂದು ಒಮ್ಮೆ ನೋಡೋಣ. ದುರ್ಬೀನು ಮೂಗಿನೊಳಗೆ ಬಿಟ್ಟರೆ ಸಿಪ್ಪೆ ಸುಲಿದ ದ್ರಾಕ್ಷಿಯ ಹಾಗೆ ಬಿಳಿಚಿಕೊಂಡ, ಒದ್ದೆಯಾದ ಗುಳ್ಳೆಗಳು ಕಾಣುತ್ತವೆ. ಮುಟ್ಟಿದರೆ ನೋವಿಲ್ಲ, ಅಲ್ಲಾಡುತ್ತವೆ. ಮೂಗಿನಲ್ಲಿ ಮಾಂಸ ಬೆಳೆದಿದೆ ಅಂತ ಜನ ಹೇಳುತ್ತಾರೆ. ನಿಜವಾಗಿ ಅದು ಊದಿ ನೀರು ತುಂಬಿ ಜೋತುಬಿದ್ದ ಮೂಗಿನ ಒಳಪೊರೆ. ಊತಕ್ಕೆ ಕಾರಣ ಕೀಟಾಣು ಅಲ್ಲ. ನಮ್ಮದೇ ದೇಹದ ರಕ್ಷಣಾ ಪಡೆ ಸುಮ್ನೆ ಕೆರಳಿ ಕೂತಿರುತ್ತದೆ. ಇಸಿನೊಫಿಲ್ ಎಂಬ ಬಿಳಿ ರಕ್ತಕಣ ಒಳಪೊರೆಗೆ ನುಗ್ಗುತ್ತದೆ. ಅದನ್ನು ಕರೆಸುವುದು ಇಂಟರ್‌ಲ್ಯೂಕಿನ್ 4, 5, 13 ಎಂಬ ಸಂದೇಶ ಹೊರುವ ಪ್ರೋಟೀನುಗಳು. ಶ್ವಾಸಕೋಶದಲ್ಲಿ ಇದೇ ನಡೆದರೆ ಅದಕ್ಕೆ ಅಸ್ತಮಾ ಅನ್ನುತ್ತೇವೆ. ಅಂದರೆ ಯಜಮಾನರಿಗೆ ಎರಡು ಬೇರೆ ಬೇರೆ ಕಾಯಿಲೆ ಇರುವುದಲ್ಲ, ಒಂದೇ ಕಾಯಿಲೆ ಎರಡು ಜಾಗದಲ್ಲಿದೆ.

ಇಷ್ಟು ತಿಳಿದರೆ ಆಪರೇಷನ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದೂ ತಿಳಿಯುತ್ತದೆ. ಅದು ಗುಳ್ಳೆಗಳನ್ನು ತೆಗೆಯುತ್ತದೆ. ಕಣ್ಣಿನ ನಡುವೆ, ಕೆನ್ನೆಯ ಒಳಗೆ, ಹಣೆಯ ಹಿಂದೆ ಇರುವ ಸೈನಸ್ ಗೂಡುಗಳ ಬಾಯಿ ತೆರೆಯುತ್ತದೆ. ಕಟ್ಟಿ ನಿಂತ ಅಂಟು ಕಫ ಹೊರಗೆ ಬರುತ್ತದೆ. ಮುಖ್ಯ ಲಾಭ ಇನ್ನೊಂದು: ಆಮೇಲೆ ಮೂಗಿನ ಸ್ಟಿರಾಯ್ಡ್ ಸ್ಪ್ರೇ, ಉಪ್ಪುನೀರು ಆ ಗೂಡುಗಳ ಒಳಗೆ ತಲುಪುತ್ತದೆ. ಈಗ ಅವರು ಎಷ್ಟು ಸ್ಪ್ರೇ ಹೊಡೆದರೂ ಅದು ಮುಂದಿನ ಗುಳ್ಳೆಗೆ ಬಡಿದು ಅಲ್ಲೇ ನಿಲ್ಲುತ್ತದೆ. ಆದರೆ ಆಪರೇಷನ್ ದೇಹದ ಆ ಕೆರಳುವ ಗುಣವನ್ನು ಬದಲಿಸುವುದಿಲ್ಲ.

ಆದ್ದರಿಂದಲೇ ಪಾಲಿಪ್ ಮರಳುತ್ತದೆ. ಅಮೆರಿಕದಲ್ಲಿ ದುರ್ಬೀನು ಇಟ್ಟು ನೋಡಿದ ಒಂದು ಅಧ್ಯಯನದಲ್ಲಿ ಆಪರೇಷನ್ ಆಗಿ ಆರು ತಿಂಗಳಿಗೆ 35%, ಒಂದೂವರೆ ವರ್ಷಕ್ಕೆ 40% ಜನರಲ್ಲಿ ಪಾಲಿಪ್ ಮತ್ತೆ ಕಂಡಿತು. ಬೆಲ್ಜಿಯಂನಲ್ಲಿ ಒಂದು ಸಣ್ಣ ಗುಂಪನ್ನು 12 ವರ್ಷ ಬಿಟ್ಟು ನೋಡಿದಾಗ ಸುಮಾರು 79% ಜನರಲ್ಲಿ ಮರಳಿತ್ತು. ಈ ಸಂಖ್ಯೆ ಕೇಳಿ ಆಪರೇಷನ್ ದಂಡ ಅನ್ನಬೇಡಿ. ಅದೇ ಬೆಲ್ಜಿಯಂ ಗುಂಪಿನಲ್ಲಿ ಇನ್ನೊಂದು ಆಪರೇಷನ್ ಬೇಕಾದವರು ಸುಮಾರು 37% ಮಾತ್ರ. ದುರ್ಬೀನಿನಲ್ಲಿ ಒಂದು ಗುಳ್ಳೆ ಕಂಡರೂ ಮೂಗಿನಲ್ಲಿ ಉಸಿರಾಡಿಕೊಂಡು, ರಾತ್ರಿ ನಿದ್ದೆ ಮಾಡಿಕೊಂಡು ಇರುವವರು ಬೇಕಾದಷ್ಟು ಜನ ಇದ್ದಾರೆ.

ಈಗ ನಿಮಗೆ ಒಂದು ಪ್ರಶ್ನೆ. ನಾಲ್ಕು ವರ್ಷದ ಹಿಂದೆ ಆದದ್ದು ಯಾವ ಆಪರೇಷನ್? ಎಲ್ಲರೂ ಬಾಯಿಮಾತಿನಲ್ಲಿ ಪಾಲಿಪ್ ಆಪರೇಷನ್ ಅನ್ನುತ್ತಾರೆ. ಬರೀ ಕಣ್ಣಿಗೆ ಕಂಡ ಗುಳ್ಳೆಗಳನ್ನು ಕಿತ್ತು ಬಿಟ್ಟರೂ ಅದೇ ಹೆಸರು. ಎಲ್ಲಾ ಗೂಡುಗಳನ್ನು ಒಂದೊಂದಾಗಿ ತೆರೆದು ಒಳಗೆ ಸ್ವಚ್ಛ ಮಾಡಿದರೂ ಅದೇ ಹೆಸರು. ಎರಡಕ್ಕೂ ಅಜಗಜಾಂತರ. ಡಿಸ್ಚಾರ್ಜ್ ಕಾರ್ಡಿನಲ್ಲಿ ಒಂದೆರಡು ಸಾಲು ಇರುತ್ತದೆ, ಆದರೆ ವಿವರ ಸಿಗುವುದು ಆಪರೇಷನ್ ನೋಟ್‌ನಲ್ಲಿ. ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ಅರ್ಜಿ ಕೊಟ್ಟು ಅದರ ಪ್ರತಿ ತೆಗೆದುಕೊಳ್ಳಿ. ಗುಳ್ಳೆಯ ಬಯಾಪ್ಸಿ ವರದಿಯೂ ಕೇಳಿ. ಆಮೇಲೆ ಒಂದು ಹೊಸ ಸಿಟಿ ಸ್ಕ್ಯಾನ್. ಅದರಲ್ಲಿ ಗೂಡುಗಳ ನಡುವಿನ ಗೋಡೆಗಳು ಹಾಗೇ ಉಳಿದಿವೆ ಎಂದು ಕಂಡರೆ, ಮೊದಲ ಸಲ ಅರ್ಧ ಕೆಲಸ ಆಗಿದೆ ಎಂದರ್ಥ. ಆಗ ನಾನು ನಿಸ್ಸಂಶಯವಾಗಿ ಹೇಳುತ್ತೇನೆ: ಮೊದಲು ಒಮ್ಮೆ ಪೂರ್ತಿ ಆಪರೇಷನ್ ಆಗಲಿ, ಇಂಜೆಕ್ಷನ್ ಮಾತು ಆಮೇಲೆ. ಸ್ಕ್ಯಾನಿನಲ್ಲಿ ಫಂಗಸ್ ತುಂಬಿದ ಗುರುತು ಕಂಡರೂ ಅಷ್ಟೇ. ನಮ್ಮಂಥ ಸೆಕೆಯೂ ತೇವವೂ ಇರುವ ಊರಿನಲ್ಲಿ ಅದು ಅಪರೂಪ ಅಲ್ಲ. ಆ ಅಂಟು ಕೆಸರನ್ನು ಆಪರೇಷನ್ ಮಾಡಿಯೇ ತೆಗೆಯಬೇಕು. ಇನ್ನು ಯಾರಿಗಾದರೂ ಒಂದೇ ಬದಿಯ ಮೂಗಿನಲ್ಲಿ ಪಾಲಿಪ್ ಇದ್ದರೆ ಈ ಚರ್ಚೆಯೇ ಬೇರೆ. ಅದು ಬೇರೆ ಗಡ್ಡೆಯೂ ಆಗಿರಬಹುದು, ತುಂಡು ತೆಗೆದು ಪರೀಕ್ಷೆ ಮಾಡಲೇಬೇಕು.

ಎರಡನೇ ಆಪರೇಷನ್ ಮೊದಲಿನದ್ದಕ್ಕಿಂತ ಸ್ವಲ್ಪ ಕಷ್ಟದ್ದು. ಗುರುತಿಗೆ ಇರುವ ಮೂಳೆಗಳು ಮೊದಲೇ ಹೋಗಿರುತ್ತವೆ. ಸೈನಸ್ಸಿಗೂ ಕಣ್ಣಿಗೂ ನಡುವೆ ಕಾಗದದಷ್ಟು ತೆಳು ಗೋಡೆ, ಮೇಲೆ ಮೆದುಳಿನ ತಳ. ಕಣ್ಣಿಗೆ ಏಟು, ಮೆದುಳಿನ ನೀರು ಸೋರುವುದು ಇಂಥ ದೊಡ್ಡ ತೊಡಕುಗಳು ನುರಿತ ಕೈಯಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆದರೂ ಇಂಥ ಮರು ಆಪರೇಷನ್ ಪದೇಪದೇ ಮಾಡುವ ಸರ್ಜನ್ ಹತ್ತಿರವೇ ಹೋಗಿ. ಸ್ಕ್ಯಾನ್ ಹಿಡಿದು ಒಳಗಿನ ದಾರಿ ತೋರಿಸುವ ನ್ಯಾವಿಗೇಷನ್ ಯಂತ್ರ ಇದೆಯಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಮಾಡಿಸುವುದಾದರೆ ತೋಟದ ಕೆಲಸ ನೋಡಿ ದಿನ ಇಟ್ಟುಕೊಳ್ಳಿ. ಮೊದಲ ಎರಡು ವಾರ ಜೋರಾಗಿ ಸಿಂಬಳ ಸೀಟುವಂತಿಲ್ಲ, ಅಡಿಕೆ ಗೋಣಿ ಎತ್ತುವಂತಿಲ್ಲ. ಅಡಿಕೆ ಸುಲಿಯುವ ಧೂಳಿನಲ್ಲಿ ಕೂರುವಂತಿಲ್ಲ. ಕೊಳೆರೋಗಕ್ಕೆ ಮೈಲುತುತ್ತು ಬಿಡುವ ಹೊತ್ತಿನಲ್ಲಂತೂ ಬೇಡವೇ ಬೇಡ. ಒಂದೆರಡು ವಾರಕ್ಕೆ ಒಮ್ಮೆ ಹೋಗಿ ಒಳಗಿನ ಹಕ್ಕಳೆ ತೆಗೆಸಿಕೊಳ್ಳಬೇಕು. ಬಹಳ ಜನ ಇದನ್ನೇ ತಪ್ಪಿಸುತ್ತಾರೆ. ಮೂಗು ಬಿಟ್ಟಿತು, ಇನ್ಯಾಕೆ ಮಂಗಳೂರಿಗೆ ಹೋಗೋದು ಅಂತ. ಸ್ಪ್ರೇಯೂ ಅಲ್ಲಿಗೇ ನಿಲ್ಲುತ್ತದೆ. ನಿಮ್ಮ ಯಜಮಾನರು ಆ ಒಂದೂವರೆ ವರ್ಷ ಸ್ಪ್ರೇ ಹಾಕಿಕೊಳ್ಳುತ್ತಿದ್ದರಾ? ಪತ್ರದಲ್ಲಿ ಆ ವಿಷಯ ಇಲ್ಲ. ಉತ್ತರ ಇಲ್ಲ ಎಂದಾದರೆ, ಮೊದಲ ಆಪರೇಷನ್ ಸೋತಿತು ಎಂದು ಈಗಲೇ ತೀರ್ಮಾನಿಸುವುದು ನ್ಯಾಯ ಅಲ್ಲ.

ಇನ್ನು ಇಂಜೆಕ್ಷನ್. ಬಯಾಲಾಜಿಕ್ ಎಂದರೆ ಆ ಸಂದೇಶದ ಪ್ರೋಟೀನುಗಳನ್ನೇ ಹುಡುಕಿ ತಡೆಯುವ ಔಷಧ. ಕತ್ತರಿಸುವ ಕೆಲಸ ಇಲ್ಲ, ಚರ್ಮದ ಕೆಳಗೆ ಚುಚ್ಚುವುದು ಅಷ್ಟೇ. ಅಮೆರಿಕದಲ್ಲಿ ಪಾಲಿಪ್‌ಗೆ ಮೊದಲು ಒಪ್ಪಿಗೆ ಸಿಕ್ಕಿದ್ದು 2019ರಲ್ಲಿ ಡುಪಿಲುಮಾಬ್‌ಗೆ. ಅದು ಇಂಟರ್‌ಲ್ಯೂಕಿನ್ 4 ಮತ್ತು 13ರ ದಾರಿ ಕಟ್ಟುತ್ತದೆ. ಎರಡು ವಾರಕ್ಕೊಮ್ಮೆ 300 ಮಿಲಿಗ್ರಾಂ. 2020ರಲ್ಲಿ ಐಜಿಇ ಎಂಬ ಅಲರ್ಜಿಯ ಪ್ರತಿಕಾಯವನ್ನು ತಡೆಯುವ ಓಮಾಲಿಜುಮಾಬ್‌ಗೆ ಒಪ್ಪಿಗೆ ಬಂತು, ಇದರ ಡೋಸ್ ತೂಕ ಮತ್ತು ಐಜಿಇ ನೋಡಿ ನಿಗದಿ ಆಗುತ್ತದೆ. 2021ರಲ್ಲಿ ಇಂಟರ್‌ಲ್ಯೂಕಿನ್ 5 ತಡೆಯುವ ಮೆಪೊಲಿಜುಮಾಬ್ ಬಂತು, ನಾಲ್ಕು ವಾರಕ್ಕೊಮ್ಮೆ 100 ಮಿಲಿಗ್ರಾಂ. ಟೆಜೆಪೆಲುಮಾಬ್ ಎಂಬ ಇನ್ನೊಂದು 2025ರಲ್ಲಿ ಸೇರಿಕೊಂಡಿತು.

ಕೆಲಸ ಮಾಡುತ್ತದಾ? ಮಾಡುತ್ತದೆ, ಅದರಲ್ಲೂ ವಾಸನೆಯ ವಿಷಯದಲ್ಲಿ. ಡುಪಿಲುಮಾಬ್‌ನ ಎರಡು ದೊಡ್ಡ ಪ್ರಯೋಗಗಳಲ್ಲಿ ಒಟ್ಟು 724 ಜನ ಇದ್ದರು. ಶುರುವಿನಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ವಾಸನೆ ಪೂರ್ತಿ ಹೋಗಿತ್ತು. ಔಷಧ ಪಡೆದವರಲ್ಲಿ 24 ವಾರದ ಹೊತ್ತಿಗೆ ಆ ಸ್ಥಿತಿಯಲ್ಲಿ ಉಳಿದವರು ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಮೆಪೊಲಿಜುಮಾಬ್ ಪ್ರಯೋಗದಲ್ಲಿ ಎಲ್ಲರೂ ಮೊದಲೇ ಆಪರೇಷನ್ ಆದವರು, ನಿಮ್ಮ ಯಜಮಾನರ ಹಾಗೆ. ಒಂದು ವರ್ಷದಲ್ಲಿ ಮತ್ತೆ ಆಪರೇಷನ್ ಬೇಕಾದವರು ಔಷಧದ ಗುಂಪಿನಲ್ಲಿ 9%, ಹೋಲಿಕೆಗೆ ಔಷಧವಿಲ್ಲದ ಇಂಜೆಕ್ಷನ್ ಪಡೆದ ಗುಂಪಿನಲ್ಲಿ 23%. ಆಪರೇಷನ್ನಿಗಿಂತ ಇಂಜೆಕ್ಷನ್ನಿಗೆ ಇರುವ ದೊಡ್ಡ ಅನುಕೂಲ ಎಂದರೆ ಅಸ್ತಮಾವೂ ಜೊತೆಗೇ ಹತೋಟಿಗೆ ಬರುತ್ತದೆ, ಸ್ಟಿರಾಯ್ಡ್ ಮಾತ್ರೆ ಕಡಿಮೆಯಾಗುತ್ತದೆ. ವರ್ಷಕ್ಕೆ ಮೂರು ನಾಲ್ಕು ಕೋರ್ಸ್ ಸ್ಟಿರಾಯ್ಡ್ ಎಂಬುದು ಜಾಸ್ತಿ ಆಯಿತು. ಸಕ್ಕರೆ, ಮೂಳೆ, ಕಣ್ಣಿನ ಪೊರೆ ಮೂರನ್ನೂ ಅದು ಕೆಡಿಸುತ್ತದೆ. ಯಾವ ದಾರಿ ಹಿಡಿದರೂ ಈ ತಿಂಗಳೇ ಅವರ ಸಕ್ಕರೆ ನೋಡಿಸಿ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಜೀವನಪೂರ್ತಿಯಾ? 24 ವಾರಕ್ಕೆ ಡುಪಿಲುಮಾಬ್ ನಿಲ್ಲಿಸಿದ ಪ್ರಯೋಗದಲ್ಲಿ ಸಿಕ್ಕ ಲಾಭ ನಿಧಾನವಾಗಿ ಇಳಿಯಿತು. ಅಂದರೆ ಇಂಜೆಕ್ಷನ್ ಕೂಡಾ ಕಾಯಿಲೆಯ ಬೇರು ಕೀಳುವುದಿಲ್ಲ, ಕೊಡುತ್ತಿರುವಷ್ಟು ದಿನ ಅದುಮಿ ಇಡುತ್ತದೆ. ಚೆನ್ನಾಗಿ ಹಿಡಿತಕ್ಕೆ ಬಂದವರಲ್ಲಿ ಡೋಸಿನ ನಡುವಿನ ಅಂತರ ಹೆಚ್ಚಿಸುತ್ತಾ ಹೋಗುವ ಪದ್ಧತಿ ಇದೆ. ಆದರೆ ವರ್ಷಗಟ್ಟಲೆ ಬೇಕು ಎಂದೇ ಲೆಕ್ಕ ಹಾಕಿ ಹೊರಡಿ. ಆರು ತಿಂಗಳಿಗೆ ಒಮ್ಮೆ ಗಟ್ಟಿಯಾಗಿ ತೂಗಿ ನೋಡಬೇಕು. ಏನೂ ಪ್ರಯೋಜನ ಕಾಣದಿದ್ದರೆ ಮುಲಾಜಿಲ್ಲದೆ ನಿಲ್ಲಿಸಬೇಕು.

ತೊಂದರೆಗಳು ಇಲ್ಲದೆ ಇಲ್ಲ. ಡುಪಿಲುಮಾಬ್‌ನಿಂದ ಕೆಲವರಿಗೆ ಕಣ್ಣು ಕೆಂಪಾಗುತ್ತದೆ, ಗಂಟುನೋವು ಬರುತ್ತದೆ, ಕೆಲಕಾಲ ಇಸಿನೊಫಿಲ್ ಏರುತ್ತದೆ. ಓಮಾಲಿಜುಮಾಬ್‌ಗೆ ಅಪರೂಪಕ್ಕೆ ತೀವ್ರ ಅಲರ್ಜಿ ಆಗುತ್ತದೆ, ಆದ್ದರಿಂದ ಮೊದಲ ಡೋಸುಗಳು ಆಸ್ಪತ್ರೆಯಲ್ಲೇ ಆಗಬೇಕು. ಹೊಟ್ಟೆಯಲ್ಲಿ ಹುಳ ಇದ್ದರೆ ಮೊದಲೇ ಅದಕ್ಕೆ ಮದ್ದು ಕೊಡಬೇಕು. ಬರಿಗಾಲಲ್ಲಿ ತೋಟದಲ್ಲಿ ಓಡಾಡುವವರಿಗೆ ಈ ಮಾತು ಮುಖ್ಯ.

ಹಾಗಾದರೆ ಯಾರಿಗೆ ಇಂಜೆಕ್ಷನ್? ಯುರೋಪಿನ ತಜ್ಞರು 2020ರಲ್ಲಿ ಹಾಕಿಕೊಟ್ಟ ಅಳತೆ ನನಗೆ ಹಿಡಿಸುತ್ತದೆ. ಎರಡೂ ಬದಿ ಪಾಲಿಪ್ ಇರಬೇಕು, ಒಮ್ಮೆ ಆಪರೇಷನ್ ಆಗಿರಬೇಕು. ಅದರ ಮೇಲೆ ಐದರಲ್ಲಿ ಮೂರು ಅಂಶ ಇರಬೇಕು: ರಕ್ತದಲ್ಲಿ ಅಥವಾ ಗುಳ್ಳೆಯಲ್ಲಿ ಈ ಜಾತಿಯ ಉರಿಯೂತದ ಗುರುತು, ವರ್ಷಕ್ಕೆ ಎರಡು ಅಥವಾ ಹೆಚ್ಚು ಸ್ಟಿರಾಯ್ಡ್ ಕೋರ್ಸ್, ಜೀವನಕ್ಕೆ ತುಂಬಾ ತೊಂದರೆ, ವಾಸನೆ ಹೋಗಿರುವುದು, ಅಸ್ತಮಾ. ಇಸಿನೊಫಿಲ್‌ಗೆ ಅವರು ಇಟ್ಟ ಗಡಿ 250, ಐಜಿಇಗೆ 100. ಯಜಮಾನರದ್ದು 620 ಮತ್ತು 340. ಕಾಗದದ ಮೇಲೆ ಅವರು ಸುಲಭವಾಗಿ ಪಾಸು. ಇಂಜೆಕ್ಷನ್ ಹೇಳಿದ ಡಾಕ್ಟರು ಸುಮ್ಮನೆ ಹೇಳಿಲ್ಲ.

ಆಪರೇಷನ್ ಮತ್ತು ಇಂಜೆಕ್ಷನ್ ಇವನ್ನು ಎದುರುಬದುರು ಇಟ್ಟ ಲೆಕ್ಕಗಳೂ ಇವೆ. ಹಾಗೆ ಹೋಲಿಸಿ ನೋಡಿದಾಗ ರೋಗಿಗಳಿಗೆ ಸಿಗುವ ಒಟ್ಟು ಆರಾಮ ಒಂದು ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ದುಡ್ಡಿನ ವಿಷಯದಲ್ಲಿ ಮಾತ್ರ ಆಕಾಶ ಭೂಮಿ ಅಂತರ. 2021ರ ಒಂದು ಅಮೆರಿಕನ್ ಲೆಕ್ಕದಲ್ಲಿ ದೀರ್ಘಕಾಲಕ್ಕೆ ಆಪರೇಷನ್ ದಾರಿಯ ಖರ್ಚು ಸುಮಾರು 50,000 ಡಾಲರ್, ಡುಪಿಲುಮಾಬ್ ದಾರಿಯದ್ದು ಸುಮಾರು 5,36,000 ಡಾಲರ್. ನಮ್ಮಲ್ಲಿ ಬೆಲೆ ಬೇರೆ. ಆದರೂ ಇಂಜೆಕ್ಷನ್ ಎಂದರೆ ತಿಂಗಳಿಗೆ ಹತ್ತಾರು ಸಾವಿರ ರೂಪಾಯಿ. ಅಡಿಕೆಗೆ ಒಳ್ಳೆಯ ರೇಟ್ ಇರುವ ವರ್ಷ ಶುರು ಮಾಡಿ, ರೇಟ್ ಬಿದ್ದ ವರ್ಷ ನಿಲ್ಲಿಸುವುದಾದರೆ ಅದರಲ್ಲಿ ಅರ್ಥ ಇಲ್ಲ. ಮೈದುನ ಇರುವ ಊರಿನಲ್ಲಿ ಕಂಪನಿಯ ಇನ್ಶೂರೆನ್ಸ್ ಬಿಲ್ ಕಟ್ಟುತ್ತಿರಬಹುದು, ಅವನ ಮಾತು ಅಲ್ಲಿಗೆ ಸರಿ.

ನಿಮ್ಮಂಥ ಗಡಿಯವರಿಗೆ ಇನ್ನೊಂದು ತಾಪತ್ರಯ. ರೇಷನ್ ಕಾರ್ಡ್ ಕೇರಳದ್ದು, ಆಸ್ಪತ್ರೆ ಕರ್ನಾಟಕದ್ದು. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ, ಆದರೆ ಅದು ಅಡ್ಮಿಟ್ ಆಗುವ ಚಿಕಿತ್ಸೆಗೆ ಇರುವಂಥದ್ದು. ಮಂಗಳೂರಿನ ಯಾವ ಆಸ್ಪತ್ರೆಯಲ್ಲಿ ನಿಮ್ಮ ಕಾರ್ಡ್ ನಡೆಯುತ್ತದೆ ಎಂದು ಹೊರಡುವ ಮೊದಲೇ ಫೋನ್ ಮಾಡಿ ಕೇಳಿ. ಖಾಸಗಿ ಪಾಲಿಸಿ ಇದ್ದರೆ ಒಂದು ವಿಷಯ ನೆನಪಿಡಿ: ಮೊನೊಕ್ಲೋನಲ್ ಆಂಟಿಬಾಡಿ (ಈ ಬಯಾಲಾಜಿಕ್‌ಗಳೆಲ್ಲ ಇದೇ ಜಾತಿ) ಇಂಜೆಕ್ಷನ್ನನ್ನು ವಿಮಾ ನಿಯಂತ್ರಕರು 2019ರಲ್ಲಿ ಆಧುನಿಕ ಚಿಕಿತ್ಸೆಗಳ ಪಟ್ಟಿಗೆ ಸೇರಿಸಿದ್ದಾರೆ. ಆದರೂ ಒಪಿಡಿಯಲ್ಲಿ ಚುಚ್ಚಿದ್ದಕ್ಕೆ ಕೊಡುವುದಿಲ್ಲ, ಇಷ್ಟೇ ಮೊತ್ತ ಎಂದೆಲ್ಲ ಕೊಕ್ಕೆ ಇರುತ್ತದೆ. ಬಾಯಿಮಾತಿಗೆ ನಂಬದೆ ಬರಹದಲ್ಲಿ ತರಿಸಿಕೊಳ್ಳಿ.

ಸಾಗಾಟವನ್ನೂ ಯೋಚಿಸಿ. ಈ ಇಂಜೆಕ್ಷನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಐಸ್ ಆಗಬಾರದು. ಡುಪಿಲುಮಾಬ್ ಹೊರಗೆ ಇಡಬಹುದಾದದ್ದು 25 ಡಿಗ್ರಿಯೊಳಗೆ 14 ದಿನ ಮಾತ್ರ. ನಮ್ಮ ಏಪ್ರಿಲ್‌ನ ಮಧ್ಯಾಹ್ನದಲ್ಲಿ 25 ಡಿಗ್ರಿ ಎಲ್ಲಿಂದ ಬರಬೇಕು! ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಇಲ್ಲ. ಹತ್ತಿರದ ಕ್ಲಿನಿಕ್ಕಿನಲ್ಲೋ ಮೆಡಿಕಲ್ ಶಾಪಿನಲ್ಲೋ ಇನ್ವರ್ಟರ್ ಇರುವ ಫ್ರಿಜ್‌ನಲ್ಲಿ ಜಾಗ ಮಾತಾಡಿಕೊಳ್ಳಿ. 2020ರಲ್ಲಿ ಕೊರೋನಾ ಹೊತ್ತಿಗೆ ಮಂಗಳೂರು ದಾರಿಯ ತಲಪಾಡಿ ಗಡಿ ಮುಚ್ಚಿದ್ದು ನಿಮಗೂ ನೆನಪಿರಬೇಕು ಅಲ್ವಾ? ಎರಡು ವಾರಕ್ಕೊಮ್ಮೆ ಬೇಕಾದ ಔಷಧ ಎಂದರೆ ಇಂಥದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನನ್ನ ಅಭಿಪ್ರಾಯ ಹೀಗೆ. ಮೊದಲ ಆಪರೇಷನ್ ಅರೆಬರೆ ಆಗಿದ್ದರೆ ಪೂರ್ತಿ ಆಪರೇಷನ್ ಮಾಡಿಸಿ. ಅದು ಚೆನ್ನಾಗಿಯೇ ಆಗಿದ್ದು, ಸ್ಪ್ರೇ ಸರಿಯಾಗಿ ಹಾಕಿಯೂ ಒಂದೂವರೆ ವರ್ಷಕ್ಕೆ ಮರಳಿದ್ದರೆ, ಮೂರನೇ ನಾಲ್ಕನೇ ಆಪರೇಷನ್ನಿನ ಸರಣಿಗೆ ಬೀಳುವುದಕ್ಕಿಂತ ಇಂಜೆಕ್ಷನ್ ಒಳ್ಳೆಯದು. ಅಸ್ತಮಾ, ವಾಸನೆ ಹೋಗಿರುವುದು, ನೋವಿನ ಮಾತ್ರೆಯ ಅಲರ್ಜಿಯ ಅನುಮಾನ ಮೂರೂ ಇರುವುದರಿಂದ ನಾನಾದರೆ ಡುಪಿಲುಮಾಬ್ ಕಡೆಗೆ ವಾಲುತ್ತೇನೆ. ಪಾಲಿಪ್ ಮತ್ತು ಅಸ್ತಮಾ ಎರಡೂ ಇದ್ದವರಲ್ಲಿ ಅದನ್ನು ಓಮಾಲಿಜುಮಾಬ್ ಜೊತೆ ನೇರವಾಗಿ ಹೋಲಿಸಿದ ಪ್ರಯೋಗ 2025ರಲ್ಲಿ ಪ್ರಕಟವಾಯಿತು, ಡುಪಿಲುಮಾಬ್ ಮುಂದಿತ್ತು. ಕೊನೆಯ ತೀರ್ಮಾನ ಶ್ವಾಸಕೋಶದ ಡಾಕ್ಟರೂ ಮೂಗಿನ ಡಾಕ್ಟರೂ ಸೇರಿ ಮಾಡಲಿ. ಒಂದು ವರ್ಷಕ್ಕಾದರೂ ದುಡ್ಡಿನ ದಾರಿ ಕಾಣದಿದ್ದರೆ ಮರು ಆಪರೇಷನ್ನೇ ಸರಿಯಾದ ಆಯ್ಕೆ. ಅದು ಬಡವರ ಪಾಲಿನ ಎರಡನೇ ದರ್ಜೆಯ ಚಿಕಿತ್ಸೆ ಅಲ್ಲ. ಎರಡನ್ನೂ ಸೇರಿಸಿ ಮಾಡುವವರೂ ಇದ್ದಾರೆ: ಮೊದಲು ಗೂಡು ಸ್ವಚ್ಛ ಮಾಡಿ, ಮತ್ತೆ ಊದಲು ಶುರುವಾದರೆ ಮಾತ್ರ ಇಂಜೆಕ್ಷನ್.

ಮೂರನೆಯದೊಂದು ದಾರಿ ಇದೆ. ನಿಮಗೆ ಇಬ್ಬರು ಡಾಕ್ಟರೂ ಹೇಳಿದ ಹಾಗಿಲ್ಲ. ಆಸ್ಪಿರಿನ್ ಅಲರ್ಜಿ ಖಚಿತ ಆದವರಿಗೆ, ಆಪರೇಷನ್ ಆಗಿ ಕೆಲವು ವಾರದ ಮೇಲೆ, ಆಸ್ಪತ್ರೆಯಲ್ಲಿ ಕೂರಿಸಿ ಚಿಕ್ಕ ಡೋಸಿನಿಂದ ಶುರು ಮಾಡಿ ಆಸ್ಪಿರಿನ್ನನ್ನೇ ಒಗ್ಗಿಸುತ್ತಾರೆ. ಆಮೇಲೆ ದಿನವೂ ನುಂಗಬೇಕು. ಪಾಲಿಪ್ ಮರಳುವುದು ನಿಧಾನವಾಗುತ್ತದೆ, ಖರ್ಚು ಅಲ್ಪ. ಹೊಟ್ಟೆಯ ಹುಣ್ಣು, ರಕ್ತಸ್ರಾವದ ಭಯ ಇದೆ, ಅಸ್ತಮಾ ಹತೋಟಿಯಲ್ಲಿರಬೇಕು. ಮತ್ತೆ ಹೇಳುತ್ತೇನೆ, ತೀವ್ರ ನಿಗಾ ಇರುವ ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ ಇದು. ದೊಡ್ಡ ಮೆಡಿಕಲ್ ಕಾಲೇಜಿನಲ್ಲಿ ವಿಚಾರಿಸಿ.

ತೀರ್ಮಾನ ಆಗುವ ತನಕ ಸ್ಪ್ರೇ ನಿಲ್ಲಿಸಬೇಡಿ. ಕಟ್ಟಿದ ಮೂಗು ತಕ್ಷಣ ಬಿಡಿಸುವ ಕ್ಸೈಲೊಮೆಟಜೊಲಿನ್ ಹನಿ ಐದಾರು ದಿನಕ್ಕಿಂತ ಜಾಸ್ತಿ ಬೇಡ, ಅದೇ ಚಟವಾಗಿ ಮೂಗು ಇನ್ನಷ್ಟು ಕಟ್ಟುತ್ತದೆ. ದಿನಕ್ಕೆರಡು ಸಲ ಉಪ್ಪುನೀರಿನಲ್ಲಿ ಮೂಗು ತೊಳೆಯಲಿ. ಅರ್ಧ ಲೀಟರ್ ನೀರಿಗೆ ಮುಕ್ಕಾಲು ಟೀ ಚಮಚ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ. ಆದರೆ ಬಾವಿ ನೀರು, ಟ್ಯಾಂಕಿ ನೀರು, ಗುಡ್ಡ ಕೊರೆದ ಸುರಂಗದ ನೀರು ಎಷ್ಟೇ ತಿಳಿಯಾಗಿದ್ದರೂ ನೇರವಾಗಿ ಮೂಗಿಗೆ ಬಿಡಬೇಡಿ. ಕೇರಳದಲ್ಲಿ ಅಮೀಬಾ ಮೆದುಳುಜ್ವರದ ಸುದ್ದಿ ನೀವೂ ಓದಿದ್ದೀರಿ. ಆ ಜೀವಿ ಒಳಗೆ ಹೋಗುವುದು ಕುಡಿದ ನೀರಿನಿಂದಲ್ಲ, ಮೂಗಿಗೆ ಏರಿದ ನೀರಿನಿಂದ. ಚೆನ್ನಾಗಿ ಕುದಿಸಿ ಆರಿಸಿದ ನೀರೇ ಆಗಬೇಕು, ಬಾಟಲಿಯನ್ನೂ ಅದೇ ನೀರಿನಲ್ಲಿ ತೊಳೆದು ಒಣಗಿಸಿ.

ಕಣ್ಣಿನ ಸುತ್ತ ಊತ, ಒಂದು ವಸ್ತು ಎರಡಾಗಿ ಕಾಣುವುದು, ಜ್ವರದ ಜೊತೆ ತಡೆಯಲಾಗದ ತಲೆನೋವು, ಕತ್ತು ಬಿಗಿತ, ಮೂಗಿನ ಒಂದೇ ಬದಿಯಿಂದ ರಕ್ತ. ಇವುಗಳಲ್ಲಿ ಯಾವುದು ಕಂಡರೂ ನಾಳೆ ನೋಡೋಣ ಎನ್ನದೆ ಅದೇ ದಿನ ಆಸ್ಪತ್ರೆಗೆ ಹೋಗಿ.